ಕೆನೆಬಣ್ಣ ನಿಮಗೆ ಒಪ್ಪುತ್ತೆ

ಹಾಗೆ ನೋಡಿದರೆ ಚರ್ಚಿನ ಮದುವೆಗೆ ಮುಸುಕು ಬೇಕೆಂದು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ, ಅಷ್ಟೆ. ಆದರೆ ನಲವತ್ತಾರು ವರ್ಷದ ಹೆಣ್ಣು ಯಾವುದನ್ನಾದರೂ ಬೇಡ ಎನ್ನದೆ ಸುಮ್ಮನಿದ್ದರೆ ಮನೆಯವರು ಅದನ್ನು ಹಟವೆಂದೇ ಹಿಡಿಯುತ್ತಾರೆ. ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತ ಅಮ್ಮ, "ಅಜ್ಜಿಗೆ ಅರಿವೆ ಚಿಂತೆ ಅಂತಾರಲ್ಲ, ಹಾಗಾಯ್ತು ನಮ್ಮನೇಲಿ" ಎಂದು ಗೋಡೆಗೆ ಹೇಳಿದ್ದಳು. ಅಮ್ಮ ಚುಚ್ಚುಮಾತುಗಳನ್ನೆಲ್ಲ ಗೋಡೆಗೇ ಹೇಳುವವಳು. ತಲುಪಬೇಕಾದವರಿಗೆ ಗೋಡೆ ತಲುಪಿಸುತ್ತದೆಂದು ಅವಳಿಗೆ ಗೊತ್ತು. "ಮುಖ ಮುಚ್ಕೊಳ್ಳೋದು ಯಾಕಂತೆ? ಹುಡುಗ ಆಸೆಯಿಂದ ಸರಿಸಿ ನೋಡಲಿ ಅಂತ. ಇವಳ ಮುಖ ಅವನು ದಿನಾ ನೋಡ್ತಾನೇ ಇದಾನಲ್ಲ." ಹುಡುಗ ಎಂದರೆ ಪೇಟೆಯ ಮೂಲೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾತ, ಹೆಂಡತಿ ತೀರಿಕೊಂಡವನು, ಐವತ್ತು ದಾಟಿ, ನೆತ್ತಿ ನುಣ್ಣಗೆ ಹೊಳೆಯುತ್ತಿದ್ದವನು. ಆತ ಅಮ್ಮನ ಬಾಯಲ್ಲಿ ಸಲೀಸಾಗಿ ಹುಡುಗನಾಗಿದ್ದ. ಇವಳು ಮಾತ್ರ ಹೇಗೆ ಹೊರಳಿಸಿದರೂ ಹುಡುಗಿಯಾಗುವಂತಿರಲಿಲ್ಲ.

ಮುಸುಕಿನ ವ್ಯವಹಾರವನ್ನು ತಮ್ಮನ ಹೆಂಡತಿ ತಲೆಯ ಮೇಲೆ ಹೊತ್ತುಕೊಂಡಿದ್ದಳು. "ಅತ್ತಿಗೆ, ನೀವೇನೂ ತಲೆ ಕೆಡಿಸ್ಕೋಬೇಡಿ, ನಾನಿದೀನಲ್ಲ" ಎಂದು ಅವಳು ಹೇಳಿದಾಗಲೆಲ್ಲ, ಮದುವೆ ತನ್ನದೋ ಇವಳದೋ ಎಂದು ಮದುಮಗಳಿಗೇ ಅನುಮಾನ ಬರುತ್ತಿತ್ತು. ವಾರದಿಂದ ಊಟದ ಮೇಜಿನ ಮೇಲೆ ಬಟ್ಟೆಯ ಚೂರುಗಳು ಬಂದು ಬೀಳುತ್ತಿದ್ದವು: ಕೆನೆಬಣ್ಣ, ಗೋಧಿಬಣ್ಣ, ತೊಳೆದಿಟ್ಟ ಮೊಟ್ಟೆಯ ಬಣ್ಣ. "ಕೆನೆಬಣ್ಣ ನಿಮಗೆ ಒಪ್ಪುತ್ತೆ ಅತ್ತಿಗೆ. ಬಿಳಿ ಅಂದ್ರೆ... ಬಿಳಿ ಸ್ವಲ್ಪ ಜಾಸ್ತಿ ಆಗುತ್ತೆ." ಏನು ಜಾಸ್ತಿಯಾಗುತ್ತದೆ ಎಂದು ಅವಳು ಕೇಳಲಿಲ್ಲ. ತಮ್ಮನ ಹೆಂಡತಿಯ ಬಾಯಿಂದ ವಯಸ್ಸು ಎಂಬ ಶಬ್ದ ಒಮ್ಮೆಯೂ ಬಂದಿರಲಿಲ್ಲ. ಕೆಸರು ದಾಟುವವರು ಬಟ್ಟೆ ಎತ್ತಿ ಹಿಡಿಯುವ ಹಾಗೆ ಅವಳು ಆ ಶಬ್ದವನ್ನು ಎಚ್ಚರದಿಂದ ದಾಟುತ್ತಿದ್ದಳು. "ನಿಮ್ಮ ಗಾಂಭೀರ್ಯಕ್ಕೆ" ಎನ್ನುತ್ತಿದ್ದಳು, "ನಿಮ್ಮ ಹುದ್ದೆಗೆ" ಎನ್ನುತ್ತಿದ್ದಳು. ಹುದ್ದೆಗೆ ತಕ್ಕ ಮುಸುಕು. ಇವಳ ಬುದ್ಧಿಯೇ ಇಷ್ಟು ಎಂದುಕೊಂಡು ಅವಳು ಆ ಚೂರುಗಳನ್ನು ಚಮಚದಿಂದ ಪಕ್ಕಕ್ಕೆ ಸರಿಸಿ ಊಟ ಮಾಡುತ್ತಿದ್ದಳು. ಅವಳ ಮನಸ್ಸಿನಲ್ಲಿದ್ದ ಬಿಳಿ ಬೇರೆ. ಹೋದ ವರ್ಷ ಆಫೀಸಿನವರೊಬ್ಬರ ಮಗಳ ಮದುವೆಯಲ್ಲಿ ಮದುಮಗಳ ಮುಸುಕು ಕುರ್ಚಿಯ ಮೊಳೆಗೆ ಸಿಕ್ಕಿಕೊಂಡಿತ್ತು. ಬಿಡಿಸಲು ಬಗ್ಗಿದವಳು ಇವಳೇ. ಕೈಯಲ್ಲಿ ಏನೂ ಇಲ್ಲವೆನ್ನುವಷ್ಟು ಹಗುರ. ಬಿಡಿಸಿದ ಮೇಲೂ ತುಸು ಹೊತ್ತು ಹಿಡಿದುಕೊಂಡೇ ಇದ್ದಳು. ಮದುಮಗಳು ಹೆಜ್ಜೆ ಮುಂದಿಟ್ಟಾಗ ಕತ್ತು ಹಿಂದಕ್ಕೆ ಜಗ್ಗಿ, ಎಲ್ಲರೂ ತಿರುಗಿ ನೋಡಿದ್ದರು.

ಅವಳ ಕೆಲಸವೋ ವಿಮಾ ಕಚೇರಿಯಲ್ಲಿ, ಪರಿಹಾರ ಕೇಳಿ ಬಂದವರ ಸುಳ್ಳಿನ ವಾಸನೆ ಹಿಡಿಯುವುದು. ಹಿಂದಿನಿಂದ ಅವಳನ್ನು ಜರಡಿ ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು. ನಿಜ ಹೇಳುವವನು ಅರ್ಧ ಮರೆತಿರುತ್ತಾನೆ, ಸುಳ್ಳ ಮಾತ್ರ ಸುಟ್ಟುಹೋದ ಪರದೆಯ ಹೂವಿನ ಬಣ್ಣವನ್ನೂ ನೆನಪಿಟ್ಟುಕೊಂಡಿರುತ್ತಾನೆ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದಳು. ಇಂಥವಳು ಆ ದಿನ ಮಧ್ಯಾಹ್ನ ಮ್ಯಾನೇಜರನ ಮುಂದೆ ನಿಂತು ಹಲ್ಲುನೋವು ಎಂದಳು. ಕೆಳಗಿನ ದವಡೆ, ಎಡಗಡೆ, ಕೊನೆಯಿಂದ ಎರಡನೆಯದು. ಹೇಳುತ್ತಿದ್ದಂತೆಯೇ ತನ್ನ ಪಾಠ ತನಗೇ ಕೇಳಿಸಿ ಕಿವಿ ಬಿಸಿಯಾಯಿತು. ಮ್ಯಾನೇಜರ್ ತಲೆ ಎತ್ತದೆ ಹೋಗಿ ಎಂದ. ನಂಬಿದನೆಂದಲ್ಲ, ಕೇಳಿಸಿಕೊಂಡಿರಲಿಲ್ಲ. ಆದರೂ ಅವಳು ಬಸ್ಸು ಬರುವ ತನಕ ಕೆನ್ನೆ ಹಿಡಿದುಕೊಂಡೇ ನಿಂತಿದ್ದಳು. ಇಷ್ಟಕ್ಕೂ ಕಾರಣ, ತಮ್ಮನ ಹೆಂಡತಿ ಸಂಜೆ ಮುಸುಕಿನ ಅಂಗಡಿಗೆ ಬರುವುದರೊಳಗೆ ತಾನೊಬ್ಬಳೇ ಹೋಗಿ ಆರಿಸಿ ಮುಗಿಸಿಬಿಡಬೇಕೆಂಬ ಯೋಚನೆ. ಆರಿಸಿಟ್ಟದ್ದನ್ನು ಕಂಡ ಮೇಲೆ ಏನು ಹೇಳಿಯಾಳು? ಹೇಳುತ್ತಾಳೆ, ಮೂಗಿನಲ್ಲಿ. ಹೇಳಲಿ.

ಅಂಗಡಿಯ ಗಾಜಿನೊಳಗೆ ತಲೆಯಿಲ್ಲದ ಬೊಂಬೆಗಳು ನಿಂತಿದ್ದವು. ಮುಸುಕನ್ನು ಬರೀ ಕತ್ತಿನ ಮೇಲೆ ಹೊದಿಸಿದ್ದರು. ತಲೆಯಿಲ್ಲದಿದ್ದರೆ ವಯಸ್ಸೂ ಇರುವುದಿಲ್ಲ, ಅನುಕೂಲ. ಒಂದು ಸಲ ಅಂಗಡಿ ದಾಟಿ ಹೋಗಿ, ಪಕ್ಕದ ಅಂಗಡಿಯಲ್ಲಿ ತೂಗುಹಾಕಿದ್ದ ದೀಪದ ಬುರುಡೆಗಳನ್ನು ಬಹಳ ಶ್ರದ್ಧೆಯಿಂದ ನೋಡಿ, ಆ ಅಂಗಡಿಯವನು "ಎಷ್ಟು ಬೆಳಕಿಂದು ಬೇಕು?" ಎಂದು ಎದ್ದು ಬಂದದ್ದರಿಂದ ಹೆದರಿ ತಿರುಗಿ ಇಲ್ಲಿಗೇ ನುಗ್ಗಿದಳು. ಒಳಗೆ ಇಸ್ತ್ರಿಯ ಬಿಸಿ ವಾಸನೆ. ಉದ್ದನೆಯ ಮೇಜಿನ ಹಿಂದೆ, ಮಣಿಕಟ್ಟಿಗೆ ಗುಂಡುಸೂಜಿಯ ಮೆತ್ತೆ ಕಟ್ಟಿಕೊಂಡ ಅಂಗಡಿಯಾಕೆ. ಹೆಚ್ಚು ಕಡಿಮೆ ಇವಳದೇ ವಯಸ್ಸು. ಪಕ್ಕದಲ್ಲಿ ಹಸಿರು ಕೈಚೀಲದ ದಪ್ಪ ಹೆಂಗಸೊಬ್ಬಳು, ಅವಳ ಮಗಳು. ಮಗಳು ಫೋನಿನಲ್ಲಿ ಮುಳುಗಿದ್ದಳು, ತಾಯಿ ಬಟ್ಟೆಯ ರಾಶಿಯಲ್ಲಿ.

"ಬನ್ನಿ ಅಮ್ಮ, ಕೂತ್ಕೊಳ್ಳಿ" ಎಂದಳು ಅಂಗಡಿಯಾಕೆ. "ಮುಸುಕು ನೋಡಬೇಕಿತ್ತು." "ಅದಕ್ಕೇನು, ತೋರಿಸೋಣ." ಆಕೆ ಇವಳ ಭುಜದಾಚೆ ಬಾಗಿಲಿನ ಕಡೆ ನೋಡಿದಳು, ಯಾರೋ ಚಪ್ಪಲಿ ಬಿಟ್ಟು ಬರುತ್ತಿರುವರೆಂಬಂತೆ. "ಮಗಳು ಬರ್ಲಿಲ್ವಾ?"

ಉತ್ತರ ಒಂದೇ ವಾಕ್ಯದ್ದು. ಮನಸ್ಸಿನಲ್ಲಿ ಅದು ಸಿದ್ಧವಾಗಿಯೂ ಇತ್ತು. ಆದರೆ ಹಸಿರು ಚೀಲದವಳು ಅದೇ ಕ್ಷಣ ತಲೆಯೆತ್ತಿ ನಕ್ಕಳು, ತಾಯಿ ತಾಯಿಯನ್ನು ನೋಡಿ ನಗುವ ನಗು. ದಣಿದ, ಬಂಧುವಿನಂಥ ನಗು. ಅಂಥ ನಗುವನ್ನು ಈವರೆಗೆ ಯಾರೂ ಅವಳ ಕಡೆ ಕಳಿಸಿರಲಿಲ್ಲ. "ಅವಳಿಗೆ ರಜೆ ಸಿಗ್ಲಿಲ್ಲ" ಎಂದಳು.

ಅಷ್ಟೇ ಆದದ್ದು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. "ಏನ್ ಕೆಲಸದಲ್ಲಿದಾಳೆ?" ಎಂದು ಹಸಿರು ಚೀಲದವಳು ಕುರ್ಚಿ ಎಳೆದುಕೊಂಡಳು. ಆಸ್ಪತ್ರೆಯಲ್ಲಿ ಎಂದಳು ಇವಳು, ಎಕ್ಸರೇ ತೆಗೆಯುತ್ತಾಳೆ, ಪಾಳಿ ಕೆಲಸ, ಊಟಕ್ಕೆ ಹೊತ್ತುಗೊತ್ತಿಲ್ಲ, ಹೇಳಿದರೆ ಕೇಳುವುದಿಲ್ಲ. ಬಣ್ಣ? ನನ್ನದೇ ಬಣ್ಣ. ಎತ್ತರ? ನನ್ನಷ್ಟೇ, ನಿಂತರೆ ಹಿಂದಿನಿಂದ ಯಾರು ಯಾರೆಂದು ಗೊತ್ತಾಗುವುದಿಲ್ಲ. ಕೂದಲು ಹೋದ ತಿಂಗಳು ಕತ್ತರಿಸಿಕೊಂಡಳು, ನನಗೆ ಒಂದು ಮಾತೂ ಹೇಳದೆ. ಹೇಳುತ್ತ ಹೇಳುತ್ತ ನಿಜವಾಗಿಯೂ ಸಿಟ್ಟು ಬಂತು: ಮದುವೆ ಹತ್ತಿರ ಬಂದಾಗ ಕೂದಲು ಕತ್ತರಿಸಿಕೊಳ್ಳುವುದೆಂದರೇನು? ಜರಡಿಯೊಳಗಿನ ಜರಡಿ ಮಾತ್ರ ದೂರ ನಿಂತು ತಲೆಯಾಡಿಸುತ್ತಿತ್ತು: ವಿವರ ಜಾಸ್ತಿಯಾಯಿತು, ಸಿಕ್ಕಿಬೀಳುತ್ತೀಯೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಮದುವೆ ಖರೆಯಾಗಿದ್ದು ಮಗಳೇ ಸುಳ್ಳಾದರೆ ಅದಕ್ಕೆ ಏನಂತಾರೆ? ಆದರೆ ಯಾರೂ ಅನುಮಾನಿಸಲಿಲ್ಲ. ಅನುಮಾನಿಸುವುದೇ ಕಸುಬಾದವಳಿಗೆ ಇದು ವಿಚಿತ್ರವಾಗಿ ಕಂಡಿತು. ಅವಳು ತಾಯಿ ಎಂಬುದಕ್ಕೆ ಅವಳ ಮುಖವೇ ಸಾಕ್ಷಿಯಾಗಿತ್ತು. ಮದುಮಗಳು ಎಂದಿದ್ದರೆ ದಾಖಲೆ ಕೇಳುತ್ತಿದ್ದರೇನೋ.

"ಹಾಗಾದ್ರೆ ಹಾಲುಬಿಳಿ" ಎಂದಳು ಅಂಗಡಿಯಾಕೆ, ಯೋಚನೆಯೇ ಮಾಡದೆ. ಮೇಲಿನ ಕಪಾಟಿನಿಂದ ಡಬ್ಬ ಇಳಿಸಿ, ಕಾಗದ ಬಿಡಿಸಿ, ರೇಷ್ಮೆಯ ನೆಟ್ ಬಟ್ಟೆಯನ್ನು ಮೇಜಿನ ಮೇಲೆ ಹರಡಿದಳು. ಪಕ್ಕದಲ್ಲೇ ನೈಲಾನಿನದನ್ನೂ ಇಟ್ಟಳು. "ನೈಲಾನು ಎದ್ದು ನಿಲ್ಲುತ್ತೆ, ತಲೆ ಮೇಲೆ ಸೊಳ್ಳೆಪರದೆ ಕಟ್ಟಿದ ಹಾಗೆ. ರೇಷ್ಮೆ ನೋಡಿ, ಮೈಮೇಲೆ ಇಳಿಯುತ್ತೆ. ವಯಸ್ಸಿನ ಹುಡುಗಿ, ಉದ್ದ ಬಿಡೋಣ. ನಿಮ್ಮದೇ ಬಣ್ಣ ಅಂದ್ರಲ್ಲ, ನೀವೇ ಒಂದ್ಸಲ ಹಾಕ್ಕೊಳ್ಳಿ, ಗೊತ್ತಾಗಿಬಿಡುತ್ತೆ." ಬೇಡ ಬೇಡ ಎಂದು ಕೈಯಾಡಿಸುತ್ತಲೇ ಅವಳು ಎದ್ದು ಕನ್ನಡಿಯ ಮುಂದೆ ಹೋಗಿಬಿಟ್ಟಿದ್ದಳು. ಅಂಗಡಿಯಾಕೆ ಹಿಂದಿನಿಂದ ಹೊದಿಸಿ, ಹೆರಳಿಗೆ ಸೂಜಿ ಚುಚ್ಚಿ, ಅಂಚನ್ನು ಮುಖದ ಮೇಲೆ ಇಳಿಬಿಟ್ಟಳು. ಲೋಕ ಒಂದು ಹೆಜ್ಜೆ ಹಿಂದೆ ಸರಿದು ನಿಂತಂತಾಯಿತು. ಕನ್ನಡಿಯಲ್ಲಿದ್ದವಳಿಗೆ ಸುಕ್ಕಿರಲಿಲ್ಲ, ಕಣ್ಣ ಕೆಳಗಿನ ಕಪ್ಪು ಇರಲಿಲ್ಲ, ಯಾರೋ ಒಳ್ಳೆಯ ಮನಸ್ಸಿನವರು ಅವಳ ಬಗ್ಗೆ ಹೇಳಿದ ಮಾತಿನಂತೆ ಇದ್ದಳು. "ಬಣ್ಣ ಕೂತ್ಬಿಡ್ತು" ಎಂದಳು ಅಂಗಡಿಯಾಕೆ. ಚೆನ್ನಾಗಿ ಕಾಣ್ತಾಳೆ ನನ್ನ ಮಗಳು ಎಂದುಕೊಂಡಳು ಇವಳು. ಹಾಗೆ ಅಂದುಕೊಂಡದ್ದು ಯಾರು, ಯಾರನ್ನು ಎಂದು ಒಂದು ಕ್ಷಣ ತಿಳಿಯಲಿಲ್ಲ.

ಆಗಲೇ ಫೋನು ಹೊಡೆದುಕೊಂಡಿತು. ಕನ್ನಡಕದಾತ. "ಯಜಮಾನ್ರಾ?" ಎಂದಳು ಹಸಿರು ಚೀಲದವಳು, ಅದೂ ತನ್ನ ಹಕ್ಕೆಂಬಂತೆ. ಹೂಂ ಎಂದು ಇವಳು ಮುಸುಕಿನೊಳಗೇ ಫೋನು ಕಿವಿಗಿಟ್ಟಳು. "ಕೆಲಸ ಮುಗೀತಾ?" ಎಂದು ಆತ ಎಂದಿನ ಮೆಲುದನಿಯಲ್ಲಿ ಕೇಳಿದ. ಎರಡು ಜೊತೆ ಕಣ್ಣು ತನ್ನ ಮೇಲಿವೆ. "ಇಲ್ಲ, ಇಲ್ಲೇ ಅಂಗಡೀಲಿ ಇದೀನಿ. ಮಗಳಿಗೆ ಬಿಳಿ ನೋಡ್ತಾ ಇದೀವಿ." "ಯಾರ ಮಗಳಿಗೆ?" "ನಮ್ಮ ಮಗಳಿಗೇ ರೀ" ಎಂದಳು, ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳ ಬೇಸರದಲ್ಲಿ.  ಆಮೇಲೆ ಆತ ತುಂಬ ಮರ್ಯಾದೆಯಿಂದ, "ಕ್ಷಮಿಸಿ, ನಂಬರ್ ತಪ್ಪಾಯ್ತು ಅಂತ ಕಾಣುತ್ತೆ" ಎಂದು ಇಟ್ಟುಬಿಟ್ಟ. "ಗಂಡಸರೇ ಹಾಗೆ. ಕೆಲಸದ ಹೊತ್ತಿಗೆ ಕೈಗೆ ಸಿಗಲ್ಲ" ಎಂದಳು ಹಸಿರು ಚೀಲದವಳು. ಇವಳು ಒಪ್ಪಿ ತಲೆಯಾಡಿಸಿದಳು. ಮುಸುಕು ಸೊಗಸಾಗಿ ಅಲುಗಿತು.

ಮಾತು ಹಾಗೆಯೇ ಬೆಳೆಯಿತು. ಹಸಿರು ಚೀಲದವಳು ತನ್ನ ಮಗಳ ಮೇಲೆ ದೂರು ಹೇಳಿದಳು, ಇವಳು ತನ್ನ ಮಗಳ ಮೇಲೆ ಅದಕ್ಕಿಂತ ದೊಡ್ಡದನ್ನು ಹೇಳಿದಳು. ಬೆಳೆದ ಹೆಣ್ಣುಮಕ್ಕಳ ತಾಯಂದಿರಿಗೆ ಇಷ್ಟೊಂದು ಸುಖವಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. "ಏನೇ ಅನ್ನಿ, ವಯಸ್ಸಿಗೆ ಸರಿಯಾಗಿ ಆಗಿಬಿಡಬೇಕು" ಎಂದಳು ಹಸಿರು ಚೀಲದವಳು, ಬಟ್ಟೆಯೊಂದನ್ನು ಬೆಳಕಿಗೆ ಹಿಡಿಯುತ್ತ. "ನಮ್ಮ ಬೀದೀಲಿ ಒಬ್ಬಳು ಇದ್ಲು. ಐವತ್ತರ ಹತ್ತಿರ ಮದುವೆ ಆದ್ಲು ರೀ. ಆಗಲಿ ಪಾಪ. ಆದ್ರೆ ಮೇಲಿಂದ ಕೆಳಗೆ ಬಿಳಿ, ಇಷ್ಟುದ್ದ ಮುಸುಕು. ನಮ್ಮನೆಯವರು ಏನಂದ್ರು ಗೊತ್ತಾ? ಊರಿಗೆ ಹೋಗುವಾಗ ಧೂಳು ಕೂರದ ಹಾಗೆ ಸೋಫಾಕ್ಕೆ ಬಟ್ಟೆ ಮುಚ್ತಾರಲ್ಲ, ಹಾಗಿದೆ ಅಂದ್ರು."

ಅಂಗಡಿಯಾಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಇವಳೂ ನಕ್ಕಳು. ನಗಬೇಕಾದ್ದಕ್ಕಿಂತ ಜೋರಾಗಿ, ಎಲ್ಲರೂ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು. ಬಿಸಿ ಉಸಿರು ಬಡಿದು ಮೂಗಿನ ಮುಂದಿನ ನೆಟ್ ಒದ್ದೆಯಾಯಿತು. ಅಷ್ಟೇ ಸಾಲದೆಂದು, "ಈ ವಯಸ್ಸಲ್ಲಿ ಅವರಿಗೆ ಯಾರು ಬುದ್ಧಿ ಹೇಳ್ತಾರೆ ಹೇಳಿ" ಎಂದು ತನ್ನ ಪಾಲಿನದನ್ನೂ ಸೇರಿಸಿದಳು.  ಸೋಫಾ ಎಂದು ಬೇರೆಯವರು ಅಂದದ್ದು ಅಷ್ಟು ನೋಯಲಿಲ್ಲ. ಆ ಕಾಣದ ಹೆಂಗಸು, ಯಾವುದೋ ಬೀದಿಯ ಬಿಳಿ ಬಟ್ಟೆಯ ಹೆಂಗಸು, ಎಲ್ಲಿಂದಲೋ ನೋಡುತ್ತ ನೀನೂನಾ ಎಂದು ಕೇಳಿದಂತಾಯಿತು.

ಬಾಗಿಲು ತಳ್ಳಿಕೊಂಡು ತಮ್ಮನ ಹೆಂಡತಿ ಬಂದದ್ದು ಆಗ. ಬೆವರಿದ್ದಳು, ಹೇಳಿದ ಹೊತ್ತಿಗಿಂತ ಬಹಳ ಮುಂಚೆ. ಮುಸುಕು ಹೊದ್ದು ನಿಂತ ಅತ್ತಿಗೆಯನ್ನು ನೋಡಿ ಬಾಗಿಲಲ್ಲೇ ನಿಂತಳು. ಮುಗಿಯಿತು ಎಂದುಕೊಂಡಳು ಇವಳು. ಈಗ ಬಾಯಿ ತೆರೆಯುತ್ತಾಳೆ. ತಮ್ಮನ ಹೆಂಡತಿಗೆ ಒಳಗಿನದನ್ನು ಒಳಗಿಟ್ಟುಕೊಂಡು ಗೊತ್ತೇ ಇಲ್ಲ. "ಬನ್ನಿ, ನೀವೇನಾಗಬೇಕು ಮದುಮಗಳಿಗೆ?" ಎಂದಳು ಅಂಗಡಿಯಾಕೆ. "ಅಮ್ಮನೋರೇ ಮಗಳ ಬದಲು ಹಾಕ್ಕೊಂಡು ನೋಡ್ತಿದಾರೆ."

ತಮ್ಮನ ಹೆಂಡತಿ ಅತ್ತಿಗೆಯ ಮುಖ ನೋಡಿದಳು. ನೆಟ್ಟಿನೊಳಗಿಂದ ಅವಳಿಗೆ ಏನು ಕಂಡಿತೋ. ಕೈಚೀಲ ಮೇಜಿನ ಮೇಲಿಟ್ಟು, "ಸೋದರತ್ತೆ" ಎಂದಳು, ಸಲೀಸಾಗಿ. ಆಮೇಲೆ ನಾಲಿಗೆ ಕಚ್ಚಿ, "ಅಲ್ಲ, ಅಂದ್ರೆ, ಇವರ ತಮ್ಮನ ಹೆಂಡತಿ. ಅವಳು ನನ್ನ ಅತ್ತೆ ಅಂತಲೇ ಕರೆಯೋದು." ಬಂದವಳೇ ಬಟ್ಟೆಯ ಅಂಚು ಬೆರಳಲ್ಲಿ ಉಜ್ಜಿ ನೋಡಿದಳು. "ಇದು ಸರಿಯಾಗಿದೆ. ಕೆನೆಬಣ್ಣ ಗಿನೆಬಣ್ಣ ಅಂತ ಏನೂ ಕೊಡಬೇಡಿ ಮತ್ತೆ, ಅವಳು ಹಾಕ್ಕೊಳ್ಳಲ್ಲ. ಚಿಕ್ಕಂದಿನಿಂದ ಅವಳಿಗೆ ಬಿಳೀನೇ. ಉದ್ದ ಇನ್ನೂ ಸ್ವಲ್ಪ ಬಿಡಿ, ಪರವಾಗಿಲ್ಲ." ಸುಳ್ಳು ಎಷ್ಟು ಚೆನ್ನಾಗಿತ್ತೆಂದರೆ ಜರಡಿಯಲ್ಲಿ ಒಂದು ಕಾಳೂ ನಿಲ್ಲುತ್ತಿರಲಿಲ್ಲ. ಬುದ್ಧಿಯೇ ಇಷ್ಟು ಎಂದು ವರ್ಷಗಟ್ಟಲೆ ತೀರ್ಮಾನ ಮಾಡಿಟ್ಟುಕೊಂಡಿದ್ದವಳು ಈಗ ಬೆವರು ಒರೆಸಿಕೊಳ್ಳುತ್ತ ತನ್ನ ಮಾನ ಮುಚ್ಚುತ್ತಿದ್ದಳು. ಕೃತಜ್ಞತೆ ಬರಬೇಕಿತ್ತು. ಬಂದದ್ದು ಸಿಟ್ಟು. ಇಲ್ಲದವಳಿಗೆ ಎಲ್ಲರೂ ಎಷ್ಟು ಧಾರಾಳ! ಹುಟ್ಟಿ ಅರ್ಧ ಗಂಟೆಯೂ ಆಗದವಳಿಗೆ ಹಾಲುಬಿಳಿ, ರೇಷ್ಮೆ, ನೆಲ ಮುಟ್ಟುವ ಉದ್ದ. ವರ್ಷಗಟ್ಟಲೆ ಮೇಜಿನ ಎದುರು ಕೂತು ಉಣ್ಣುವವಳಿಗೆ ತೊಳೆದ ಮೊಟ್ಟೆಯ ಬಣ್ಣ.

"ಮಗಳಿಲ್ಲ" ಎಂದಳು.

"ಬರದಿದ್ರೆ ಪರವಾಗಿಲ್ಲಮ್ಮ, ಅಳತೆ ನಿಮ್ಮದೇ ತಗೊಳ್ತೀನಿ" ಎಂದಳು ಅಂಗಡಿಯಾಕೆ.

"ಬರದೆ ಇರೋದಲ್ಲ. ಇಲ್ಲವೇ ಇಲ್ಲ. ಮದುವೆ ನನ್ನದು."

ಇಸ್ತ್ರಿಪೆಟ್ಟಿಗೆ ಎಲ್ಲೋ ಹಿಂದೆ ಉಸ್ಸೆಂದಿತು. ಹಸಿರು ಚೀಲದವಳ ಮುಖದಲ್ಲಿ ಮೊದಲು ನಗು ಬಂತು, ಆಮೇಲೆ ಸೋಫಾ ನೆನಪಾಗಿರಬೇಕು, ನಗು ಬಂದ ದಾರಿಯಲ್ಲೇ ಹೋಯಿತು. ಆಕೆ ಕೈಚೀಲದೊಳಗೆ ಏನನ್ನೋ ಬಹಳ ಅವಸರದಲ್ಲಿ ಹುಡುಕತೊಡಗಿದಳು. ಅವಳ ಮಗಳು ಮೊದಲ ಬಾರಿಗೆ ಫೋನಿನಿಂದ ಕಣ್ಣೆತ್ತಿ, ಇವಳನ್ನು ಮೇಲಿನಿಂದ ಕೆಳಗೆ, ಸಾಕಷ್ಟು ಕುತೂಹಲದಿಂದ ನೋಡಿದಳು. ತಮ್ಮನ ಹೆಂಡತಿ ಮಾತ್ರ ಮುಚ್ಚಿದ್ದನ್ನು ಯಾಕೆ ತೆರೆದಿರಿ ಎನ್ನುವಂತೆ ನೋಡುತ್ತಿದ್ದಳು.

ಅಂಗಡಿಯಾಕೆ ವ್ಯಾಪಾರದವಳು, ಎಲ್ಲರಿಗಿಂತ ಮೊದಲು ಎಚ್ಚೆತ್ತಳು. "ಅಯ್ಯೋ, ಮೊದಲೇ ಹೇಳಬಾರದಾ ಮೇಡಂ" ಎನ್ನುತ್ತ ಹಿಂದೆ ಬಂದು, ಹೆರಳಿನ ಸೂಜಿ ಕೀಳಲು ಶುರುಮಾಡಿದಳು. ಅಮ್ಮ ಹೋಗಿ ಮೇಡಂ ಆಗಿದ್ದಳು. "ನಿಮಗಾದ್ರೆ ಬೇರೆ ತೋರಿಸ್ತೀನಿ. ಕೆನೆಬಣ್ಣ ನಿಮಗೆ ಒಪ್ಪುತ್ತೆ. ಭುಜದ ತನಕ ಸಾಕು, ಓಡಾಡೋಕೂ ಸುಲಭ." "ಬಣ್ಣ ಕೂತ್ಬಿಡ್ತು ಅಂದ್ರಲ್ಲ ಈಗ." "ಅದು ಮಗಳಿಗೆ ಅಂತ ಅಂದದ್ದು." "ಮುಖ ಇದೇ ಅಲ್ವಾ ಇದ್ದದ್ದು?" ಸೂಜಿ ಹಿಡಿದ ಅಂಗಡಿಯಾಕೆಯ ಕೈ ಅಲ್ಲೇ ನಿಂತಿತು.

ಅವಳು ಕನ್ನಡಿ ನೋಡಿದಳು. ನೋಡಬಾರದಿತ್ತು. ಆಗ ಕಂಡವಳು ಹೊರಟುಹೋಗಿದ್ದಳು. ಅಲ್ಲಿ ಈಗ ಜರಡಿ ನಿಂತಿದ್ದಳು, ಮೇಲೆ ಧೂಳು ಕೂರದಂತೆ ಬಟ್ಟೆ. ಹಾಗೆ ನೋಡಿದ ಕಣ್ಣು ಹಸಿರು ಚೀಲದವಳದಲ್ಲ, ತನ್ನದೇ. ಕೀಳಿ, ಕೆನೆಬಣ್ಣವೇ ಕೊಡಿ, ಏನೂ ಬೇಡ, ಬರಿಯ ತಲೆಯಲ್ಲೇ ಹೋಗುತ್ತೇನೆ ಎಂದುಬಿಡಬೇಕೆನಿಸಿತು. ಕೊನೆಗೆ ಅವಳು ಬಿಳಿಯನ್ನೇ ಹಿಡಿದುಕೊಂಡಳು. ಅದನ್ನು ಧೈರ್ಯವೆಂದು ಯಾರೂ ತಿಳಿಯಬಾರದು. ಅಂಗಡಿಯಾಕೆ ಡಬ್ಬದ ಮುಚ್ಚಳ ತೆಗೆದು ಕಾಗದ ಮಡಿಸುತ್ತಿದ್ದುದನ್ನು ಕಂಡಾಗ, ಆ ಹುಡುಗಿಗೆಂದು ಇಳಿಸಿದ್ದನ್ನು ಆ ಹುಡುಗಿ ಇಲ್ಲವೆಂದು ವಾಪಸು ಕಪಾಟಿಗೆ ಏರಿಸುವುದನ್ನು ನೋಡಲು ಅವಳಿಂದ ಆಗಲಿಲ್ಲ, ಅಷ್ಟೆ. "ಇದನ್ನೇ ಕೊಡಿ" ಎಂದಳು. ದನಿ ಒರಟಾಗಿ ಬಂತು, ತಿರಸ್ಕರಿಸಿದ ಅರ್ಜಿಯನ್ನು ಹಿಂದಿರುಗಿಸುವಾಗಿನ ದನಿ. ತಮ್ಮನ ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದು, ಅಂಗಡಿಯಾಕೆಗೆ, "ಅಂಚು ಮಡಿಸೋವಾಗ ಕೈಹೊಲಿಗೆ ಹಾಕಿ, ಮಷಿನ್ ಬೇಡ" ಎಂದಳು.

ಬೀದಿಯಲ್ಲಿ ಕೆಲಸ ಬಿಟ್ಟವರ ಗುಂಪು ಹರಿಯುತ್ತಿತ್ತು. ಇಬ್ಬರೂ ಬಸ್ಸಿನ ಕಡೆ ನಡೆದರು. "ಅವರು ನಂಗೆ ಫೋನ್ ಮಾಡಿದ್ರು ಅತ್ತಿಗೆ" ಎಂದಳು ತಮ್ಮನ ಹೆಂಡತಿ ಕೊನೆಗೆ. "ನಿಮ್ಮತ್ತಿಗೆ ಫೋನು ಯಾರ ಹತ್ರ ಇದೆ, ಯಾರೋ ಹೆಂಗಸು ಎತ್ತಿ, ಅಂಗಡೀಲಿ ನಮ್ಮ ಮಗಳಿಗೆ ಬಿಳಿ ನೋಡ್ತಾ ಇದೀವಿ ಅಂದ್ಳು ಅಂತ ಕೇಳಿದ್ರು. ಗಾಬರಿ ಆಗಿದ್ರು. ನಂಗೂ ಗಾಬರಿ ಆಯ್ತು, ಓಡಿಬಂದೆ. ಬಾಗಿಲಲ್ಲಿ ನಿಮ್ಮನ್ನ ನೋಡಿದ ಮೇಲೆ ಗೊತ್ತಾಯ್ತು."  ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಒಬ್ಬರಿಗಾಗುವಷ್ಟು ಜಾಗವಿತ್ತು. ತಮ್ಮನ ಹೆಂಡತಿ ಅವಳನ್ನು ಅಲ್ಲಿ ಕೂರಿಸಿ ಪಕ್ಕದಲ್ಲಿ ನಿಂತಳು. ಕೂತವಳ ಎದೆಯಲ್ಲಿ ಏನೋ ಭಾರ. ಇದು ಅವಮಾನವಿರಬೇಕು ಎಂದುಕೊಂಡಳು. ಅವಮಾನದ ರುಚಿ ಅವಳಿಗೆ ಗೊತ್ತು, ಇದು ಅದಲ್ಲ. ಪಾಳಿ ಮುಗಿಸಿದ ಹುಡುಗಿಯರ ಗುಂಪೊಂದು ನಗುತ್ತ ರಸ್ತೆ ದಾಟಿತು. ಅವರಲ್ಲಿ ಕೂದಲು ಕತ್ತರಿಸಿಕೊಂಡವಳೊಬ್ಬಳು ಇದ್ದಾಳೆಯೇ ಎಂದು ಕಣ್ಣು ತಾನಾಗಿ ಹುಡುಕಿತು. ಈ ಹೊತ್ತಿಗೆ ಊಟ ಮಾಡಿದ್ದಾಳೋ ಇಲ್ಲವೋ. ಎರಡು ಮಾತಿನಲ್ಲಿ, ಒಂದು ಅಂಗಡಿಯ ಜನರ ಮುಂದೆ, ಇಲ್ಲವೇ ಇಲ್ಲ ಎಂದುಬಿಟ್ಟಳಲ್ಲ ಅವಳನ್ನು.

"ಅತ್ತಿಗೆ" ಎಂದಳು ತಮ್ಮನ ಹೆಂಡತಿ, ಬಸ್ಸು ಬರುವ ಕಡೆಯೇ ನೋಡುತ್ತ. "ಅವಳಿಗೆ ಹೆಸರೇನು ಹೇಳಿದ್ರಿ?"

"ಅವರು ಕೇಳಲಿಲ್ಲ."

ಕೇಳಿದ್ದರೆ ತಡವರಿಸುತ್ತಿರಲಿಲ್ಲ. ಆಸ್ಪತ್ರೆ, ಎಕ್ಸರೇ, ಕೂದಲು, ಎಲ್ಲವೂ ಅಲ್ಲಿ ನಿಂತ ನಿಲುವಿನಲ್ಲಿ ಹುಟ್ಟಿದ್ದು. ಹೆಸರೊಂದು ಮಾತ್ರ ಎಷ್ಟೋ ವರ್ಷಗಳಿಂದ ಸಿದ್ಧವಾಗಿತ್ತು. ಬಸ್ಸು ಬಂದು ನಿಂತಿತು. ತಮ್ಮನ ಹೆಂಡತಿ ಕೈ ಚಾಚಿದಳು. ಅವಳು ಆ ಕೈ ಹಿಡಿದು ಎದ್ದಳು, ಹೆಸರು ಹೇಳದೆ.